ಒಂದು ಗಣಪತಿಯನ್ನಾದರೂ ಮಾಡುತ್ತಾನಾ?

ಮಾರ್ಚ್ ಕೊನೆಗೆ ಮಕ್ಕಳ ಪರೀಕ್ಷೆ ಮುಗಿಯುವುದೇ ತಡ, ನನ್ನ ಮೊಬೈಲ್ ಬಡಿದುಕೊಳ್ಳತೊಡಗುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ ಏಪ್ರಿಲ್ ತಿಂಗಳಲ್ಲಿ ಹತ್ತು ದಿನ ಶಿಲ್ಪ ಮತ್ತು ಮಿಶ್ರ ಮಾಧ್ಯಮದ (ಹಲವು ಬಗೆಯ ವಸ್ತುಗಳನ್ನು ಕೂಡಿಸಿ ಮಾಡುವ ಕಲೆಯ) ಶಿಬಿರ ನಡೆಸುತ್ತೇನೆ. ಮಧ್ಯಾಹ್ನ ಊಟ ಉಂಟೇ, ಬಟ್ಟೆ ಹಾಳಾಗುತ್ತದೆಯೇ ಎಂದೆಲ್ಲ ವಿಚಾರಿಸಿ, ಫೋನ್ ಇಡುವ ಮೊದಲು ಎಲ್ಲರೂ ಅದನ್ನೇ ಕೇಳುತ್ತಾರೆ: "ಹತ್ತು ದಿನದಲ್ಲಿ ಒಂದು ಗಣಪತಿಯನ್ನಾದರೂ ಮಾಡುತ್ತಾನಾ, ಮಾಷ್ಟ್ರೇ?"

ಬಾಯಿಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಇಲ್ಲ, ಮಾಡುವುದಿಲ್ಲ.

ಗಣಪತಿಯ ಮೇಲೆ ನನಗೇನೂ ಕೋಪವಿಲ್ಲ. ಕೋಪವಿರುವುದು ಆ 'ಆದರೂ' ಮೇಲೆ. ಹೊಟ್ಟೆಗೊಂದು ಉಂಡೆ, ತಲೆಗೊಂದು ಉಂಡೆ, ಮುಂದೊಂದು ಸೊಂಡಿಲು, ಮುಗಿಯಿತು ಎಂಬ ಧ್ವನಿ ಅದರಲ್ಲಿದೆ. ಗಣಪತಿ ಮಾಡಲು ಹೋಗಿ ಕೋತಿ ಮಾಡಿದ ಎಂಬ ಮಾತು ಯಾರೋ ಹೀಗೆ 'ಆದರೂ' ಎಂದು ಹೊರಟಾಗಲೇ ಹುಟ್ಟಿರಬೇಕು. ದಪ್ಪ ಹೊಟ್ಟೆ ಒಣಗಲು ದಿನಗಟ್ಟಲೆ ಬೇಕು. ಸಪೂರ ಸೊಂಡಿಲು ಏಪ್ರಿಲ್ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಒಣಗುತ್ತದೆ. ಒಣಗಿದ ಮಣ್ಣು ಕುಗ್ಗುತ್ತದೆ, ಹಸಿಮಣ್ಣು ಇದ್ದಲ್ಲೇ ಇರುತ್ತದೆ, ಎರಡೂ ಸೇರಿದ ಜಾಗ ಬಿರುಕು ಬಿಡುತ್ತದೆ. ಬೆಳಿಗ್ಗೆ ಬಂದು ನೋಡಿದರೆ ದೇವರ ಸೊಂಡಿಲು ನೆಲದ ಮೇಲೆ. ಹಾಗಾಗಬಾರದೆಂದರೆ ಹೊಟ್ಟೆಯನ್ನು ಅಡಿಯಿಂದ ಕೊರೆದು ಟೊಳ್ಳು ಮಾಡಬೇಕು, ಅಂಟಿಸುವಲ್ಲಿ ಗೀರು ಹಾಕಿ ಕೆಸರು ಸವರಬೇಕು, ಸೊಂಡಿಲಿಗೆ ಒದ್ದೆ ಬಟ್ಟೆ ಸುತ್ತಿಡಬೇಕು. ಇಷ್ಟೆಲ್ಲ ತಾಳ್ಮೆ ಎಂಟು ವರ್ಷದ ಮಗುವಿಗೆ ಇದ್ದರೆ ಅದನ್ನು ಕರೆದೊಯ್ಯಬೇಕಾದದ್ದು ಶಿಬಿರಕ್ಕಲ್ಲ, ವೈದ್ಯರ ಬಳಿಗೆ.

ಹೀಗೆ ಜೋರಾಗಿ ಮಾತಾಡುವ ನಾನೇನು ಸಾಚಾ ಅಲ್ಲ. ಮೊದಲ ವರ್ಷ 22 ಮಕ್ಕಳು, 22 ಗಣಪತಿ. ಒಂಬತ್ತನೆಯ ದಿನ ರಾತ್ರಿ ಚಾಪೆ ಹಾಸಿ ಕುಳಿತು, ಬಿದ್ದ ಸೊಂಡಿಲುಗಳನ್ನೆಲ್ಲ ಕಿತ್ತೆಸೆದು, ಹೊಸದನ್ನು ನಾನೇ ಇಟ್ಟೆ. ಮರುದಿನ ಹೆತ್ತವರು ಬಂದು ಫೋಟೊ ತೆಗೆದು ಕೊಂಡಾಡಿದರು. ಅಷ್ಟೂ ಸೊಂಡಿಲುಗಳಿಗೆ ಒಂದೇ ತಿರುವು ಇದ್ದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಮಕ್ಕಳ ಕಣ್ಣಿಗೆ ಬಿತ್ತು. ಒಬ್ಬಳು ಹುಡುಗಿ "ಇದು ನನ್ನದಲ್ಲ" ಎಂದು ಬೆಂಚಿನ ಮೇಲೆಯೇ ಬಿಟ್ಟುಹೋದಳು. ನಮ್ಮ ಕಪಾಟಿನ ಮೇಲೆ ಈಗಲೂ ಅದು ಇದೆ. ಧೂಳು ಒರೆಸುವಾಗ ನಾನು ಅದರ ಮುಖ ನೋಡುವುದಿಲ್ಲ.

ಗಣಪತಿಯೇ ಆಗಬೇಕು ಎಂದು ಹಟ ಹಿಡಿಯುವವರು ನಮ್ಮ ಮಧೂರು ದೇವಸ್ಥಾನದ ಐತಿಹ್ಯವನ್ನು ನೆನಪಿಸಿಕೊಳ್ಳಲಿ. ಆ ದೇವಸ್ಥಾನದ ಮೂಲ ದೇವರು ಮದನಂತೇಶ್ವರ, ಅಂದರೆ ಶಿವ. ಗರ್ಭಗುಡಿಯ ತೆಂಕಣ ಗೋಡೆಯ ಮೇಲೆ ಹುಡುಗನೊಬ್ಬ ಆಟಕ್ಕೆಂದು ಗೀಚಿದ ಗಣಪತಿ ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಬಂದು 'ಬೊಡ್ಡಜ್ಜ' ಎನಿಸಿಕೊಂಡನಂತೆ. ಆ ಹುಡುಗನ ಅಪ್ಪ ಯಾವ ಮಾಷ್ಟ್ರಿಗೂ ಫೀಸು ಕಟ್ಟಿರಲಿಲ್ಲ. ಮಿಶ್ರ ಮಾಧ್ಯಮವೆಂದರೆ ಪೇಟೆಯವರ ಹೊಸ ಹುಚ್ಚು ಎನ್ನುವವರು ಕುಂಬಳೆ ಸಮೀಪದ ಅನಂತಪುರ ದೇವಸ್ಥಾನಕ್ಕೆ ಹೋಗಿ ಬರಲಿ. ಅಲ್ಲಿನ ಮೂಲ ಮೂರ್ತಿಗಳು ಕಲ್ಲಿನವಲ್ಲ, ಲೋಹದವೂ ಅಲ್ಲ. ಎಪ್ಪತ್ತಕ್ಕೂ ಹೆಚ್ಚು ದ್ರವ್ಯಗಳನ್ನು ಕೂಡಿಸಿದ ಕಡುಶರ್ಕರ ಪಾಕದವು. 1972ರಲ್ಲಿ ಅವುಗಳ ಜಾಗಕ್ಕೆ ಪಂಚಲೋಹದವು ಬಂದವು. ನಮ್ಮ ಅಂಗಳದಲ್ಲಿ ಅಡಿಕೆ ಹಾಳೆ, ಗೆರಟೆ (ತೆಂಗಿನ ಚಿಪ್ಪು), ತೆಂಗಿನ ನಾರು, ಮುರಿದ ಕೊಡೆಯ ಕಡ್ಡಿ, ಇಷ್ಟೇ. ಎಪ್ಪತ್ತು ಆಗುವುದಿಲ್ಲ.

ಎರಡು ವರ್ಷದ ಹಿಂದೆ ಬಾಯಾರು ಕಡೆಯ ಒಬ್ಬ ಹುಡುಗ ಬಂದಿದ್ದ. ಹತ್ತು ದಿನವೂ ಒಂದೇ ಕೆಲಸ ಮಾಡಿದ. ತೆಂಗಿನಕಾಯಿಗಿಂತ ಎರಡು ಪಟ್ಟು ದೊಡ್ಡ ಆವೆಮಣ್ಣಿನ ಮುದ್ದೆಯನ್ನು ಬದಿಯಿಂದ ಚಮಚದಲ್ಲಿ ಕೊರೆದ. ಕೊನೆಯ ದಿನ ಅವನ ತಂದೆ ಅದನ್ನು ಎತ್ತಿ, ತಿರುಗಿಸಿ, ಒಳಗೆ ಇಣುಕಿ ಕೇಳಿದರು: "ಇದೇನು ಮಾಷ್ಟ್ರೇ, ತೂತು?"

ತೂತೇ. ಸುರಂಗ. ಅವನ ಅಜ್ಜ ನೀರಿಗಾಗಿ ಸುರಂಗ ತೋಡುವವರು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಮನುಷ್ಯ ಹೇಗೋ ನಿಲ್ಲುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ನೀರಿನ ಒಸರು ಸಿಗುವವರೆಗೆ, ಕೆಲವು ಕಡೆ 300 ಮೀಟರ್ ತನಕವೂ ಪಿಕ್ಕಾಸಿನಲ್ಲಿ ಕಡಿಯುತ್ತಾ ಹೋಗುವುದು. ಒಳಗೆ ಉರಿಸಿಟ್ಟ ದೀಪ ಮಂಕಾದರೆ ಗಾಳಿ ಸಾಲದೆಂದು ಹೊರಗೆ ಬರುವುದು. ಪಂಪು ಬೇಡ, ನೀರು ತಾನಾಗಿಯೇ ಹರಿದು ಕೆರೆಗೆ ಬೀಳುತ್ತದೆ. ಈ ಹುಡುಗ ತನ್ನ ಸುರಂಗದ ಕೊನೆಯಲ್ಲಿ ಒದ್ದೆ ನಾರನ್ನು ತುರುಕಿ, ಬಾಯಿಯ ಕೆಳಗೆ ಒಂದು ಗೆರಟೆ ಇಟ್ಟಿದ್ದ. ಹನಿ ಬೀಳುತ್ತಿತ್ತು. ಶಿಲ್ಪಕಲೆ ಓದುವಾಗ, ಇರುವುದರಲ್ಲಿ ಬೇಡದ್ದನ್ನು ತೆಗೆಯುವುದೇ ಕೆತ್ತನೆ ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಇವನು ಚಮಚ ಹಿಡಿದು ಕುಳಿತಾಗ ಆ ಎರಡು ಪುಟಗಳ ಬಗ್ಗೆ ನಾಚಿಕೆಯಾಯಿತು.

"ಎಲ್ಲರೂ ಏನೇನೋ ಮಾಡಿದ್ದಾರೆ. ಇವನು ಒಂದು ಗಣಪತಿಯನ್ನಾದರೂ..." ಎಂದರು ತಂದೆ. ಹುಡುಗ ಗೆರಟೆಯ ನೀರನ್ನು ನೋಡುತ್ತಾ ನಿಂತಿದ್ದ.

ಏನು ಮಾಡಿದ ಎಂದು ಕೇಳುವವರೇ ಎಲ್ಲರೂ. ತೆಗೆದದ್ದೇನು, ತೆಗೆದ ಮಣ್ಣನ್ನು ಏನು ಮಾಡಿದ ಎಂದು ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದರೆ! (ನೋಡಿ, ಈಗ ನನಗೂ 'ಆದರೂ' ಬಂತು.) ಆ ಹುಡುಗನಲ್ಲಿ ಅದಕ್ಕೆ ಉತ್ತರವಿತ್ತು. ಕೊರೆದ ಮಣ್ಣನ್ನು ಅವನು ಒಂದು ಚೂರೂ ಬಿಸಾಡಿರಲಿಲ್ಲ; ಅಡಿಕೆ ಹಾಳೆಯಲ್ಲಿ ಮಡಚಿ, ಬಾಳೆಬಳ್ಳಿಯಲ್ಲಿ ಕಟ್ಟಿ, ಬೆಂಚಿನಡಿ ಇಟ್ಟಿದ್ದ.

ವಾರ ಕಳೆದು ಆ ತಂದೆಯ ಫೋನ್ ಬಂತು. ಗಣಪತಿಯ ಮಾತೇ ಇಲ್ಲ. "ಮಾಷ್ಟ್ರೇ, ಇವನ ಸುರಂಗದ ಬಾಯಿ ನೀರಿಗೆ ಕುಸಿದಿದೆ. ಅದರ ಒಳಗಿಂದ ತೆಗೆದ ಮಣ್ಣಿನಲ್ಲೇ ಸರಿಮಾಡಬೇಕಂತೆ, ಬೇರೆ ಮಣ್ಣು ಆಗುವುದಿಲ್ಲವಂತೆ. ಬೆಂಚಿನಡಿ ಇಟ್ಟಿದ್ದನಂತೆ. ಅದು ಎಲ್ಲಿದೆ?"

ಶಿಬಿರ ಮುಗಿದ ಸಂಜೆಯೇ ಅಂಗಳ ಗುಡಿಸುವಾಗ ನಾನು ಆ ಕಟ್ಟನ್ನು ಬಿಚ್ಚಿ, ಉಳಿದ ಮಣ್ಣಿನ ಜೊತೆ ಡ್ರಮ್ಮಿಗೆ ಹಾಕಿ ನೀರು ಹೊಯ್ದಿದ್ದೆ.