ಕನೆಕ್ಟಿಂಗ್ ವಿಮಾನದಲ್ಲಿ ಬ್ಯಾಗ್ ಏಕೆ ತಪ್ಪಿಹೋಗುತ್ತದೆ?

ವಿಮಾನ ಟಿಕೆಟ್ ಕಾಯ್ದಿರಿಸುವ ಕೆಲಸದಲ್ಲಿರುವ ನನ್ನನ್ನು, ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: “ಒಟ್ಟಿಗೆ ಕೊಟ್ಟ ಎರಡು ಬ್ಯಾಗ್‌ಗಳಲ್ಲಿ ಒಂದು ಮಾತ್ರ ಬಂದು, ಇನ್ನೊಂದು ಬರದೇ ಇರುವುದು ಹೇಗೆ? ಹಾಗಾಗದಂತೆ ಏನು ಮಾಡಬೇಕು?” ಕೌಂಟರಿನಲ್ಲಿ ಬ್ಯಾಗ್ ಒಪ್ಪಿಸಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ನಾವು ಮಾಡಬಹುದಾದ ಮುಖ್ಯ ಕೆಲಸವೆಲ್ಲ ಟಿಕೆಟ್ ಕೊಳ್ಳುವ ದಿನವೇ ಆಗಬೇಕು ಎನ್ನುವುದು ನನ್ನ ಉತ್ತರ. ಅದಕ್ಕೆ ಕಾರಣ ತಿಳಿಯಬೇಕಾದರೆ ಬ್ಯಾಗ್ ನಮ್ಮಿಂದ ದೂರವಾದ ಮೇಲೆ ಅದಕ್ಕೇನಾಗುತ್ತದೆ ಎಂದು ನೋಡಬೇಕು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಟೊರಾಂಟೊಗೆ ಹೊರಟ ಬ್ಯಾಗನ್ನೇ ತೆಗೆದುಕೊಳ್ಳೋಣ. ಅದರ ಹಿಡಿಗೆ ಅಂಟಿಸಿದ ಟ್ಯಾಗಿನ ಮೇಲೆ ಹತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ ಮೂರು ಅಂಕಿಗಳು ವಿಮಾನಯಾನ ಸಂಸ್ಥೆಯನ್ನೂ ಕೊನೆಯ ಆರು ಅಂಕಿಗಳು ಆ ಬ್ಯಾಗನ್ನೂ ಸೂಚಿಸುತ್ತವೆ. ಫ್ರಾಂಕ್‌ಫರ್ಟಿನಲ್ಲಿ ಇಳಿದ ಕೂಡಲೇ ಬ್ಯಾಗ್‌ಗಳು ಎರಡು ದಾರಿ ಹಿಡಿಯುತ್ತವೆ: ಅಲ್ಲಿಯೇ ಇಳಿಯುವವರದ್ದು ಬೆಲ್ಟಿನ ಕಡೆಗೆ, ಮುಂದೆ ಹೋಗುವವರದ್ದು ವಿಂಗಡಣೆಯ ಜಾಲಕ್ಕೆ. ಅಲ್ಲಿ ಸ್ಕ್ಯಾನರ್ ಪ್ರತಿಯೊಂದು ಟ್ಯಾಗನ್ನೂ ಬೇರೆಬೇರೆಯಾಗಿ ಓದಿ, ಆಯಾ ವಿಮಾನದ ಸಾಲಿಗೆ ಕಳಿಸುತ್ತದೆ. ಟ್ಯಾಗ್ ಮಡಚಿಕೊಂಡಿದ್ದರೆ, ಹರಿದಿದ್ದರೆ, ಅಥವಾ ಹಳೆಯ ಪ್ರಯಾಣದ ಸಣ್ಣ ಬಾರ್‌ಕೋಡ್ ಚೀಟಿಯೊಂದು ಬ್ಯಾಗಿನ ಪಕ್ಕಕ್ಕೆ ಅಂಟಿಕೊಂಡೇ ಉಳಿದಿದ್ದರೆ, ಯಂತ್ರ ಅದನ್ನು ಬದಿಗೆ ಸರಿಸುತ್ತದೆ. ಒಬ್ಬ ಸಿಬ್ಬಂದಿ ಬಂದು ಕೈಯಿಂದ ಓದಿ ಮುಂದಕ್ಕೆ ಕಳಿಸುವಷ್ಟರಲ್ಲಿ ಮುಂದಿನ ವಿಮಾನದ ಬಾಗಿಲು ಮುಚ್ಚಿರಬಹುದು. ಒಂದೇ ಕುಟುಂಬದ ಎರಡು ಬ್ಯಾಗ್‌ಗಳು ಬೇರೆಯಾಗುವುದು ಹೀಗೆ: ಕೌಂಟರಿನಲ್ಲಿ ಜೊತೆಯಾಗಿದ್ದವು ಅಲ್ಲಿಂದಾಚೆಗೆ ಎರಡು ಪ್ರತ್ಯೇಕ ಸಂಖ್ಯೆಗಳು ಮಾತ್ರ.

ವಿಮಾನ ನಿಲ್ದಾಣಗಳಿಗೆ ತಂತ್ರಜ್ಞಾನ ಒದಗಿಸುವ ಸೀಟಾ ಸಂಸ್ಥೆಯ ವರದಿಯ ಪ್ರಕಾರ, 2024ರಲ್ಲಿ ಸಾವಿರ ಪ್ರಯಾಣಿಕರಿಗೆ 6.3ರಷ್ಟು ಬ್ಯಾಗ್‌ಗಳು ತಡವಾದವು, ಕಳೆದವು ಅಥವಾ ಹಾನಿಗೊಂಡವು. 2007ರಲ್ಲಿ ಈ ಪ್ರಮಾಣ ಸುಮಾರು 19 ಇತ್ತು. ಸುಧಾರಣೆ ದೊಡ್ಡದೇ. ಆದರೂ ತಡವಾಗುವುದಕ್ಕೆ ಅತಿ ದೊಡ್ಡ ಕಾರಣ ಈಗಲೂ ವಿಮಾನ ಬದಲಾವಣೆಯ ಹಂತವೇ. ಬ್ಯಾಗ್ ಒಪ್ಪಿಸಿದಾಗ, ವಿಮಾನಕ್ಕೆ ಏರಿಸಿದಾಗ, ಬದಲಾವಣೆಯ ಸ್ಥಳದಲ್ಲಿ, ಪ್ರಯಾಣಿಕರಿಗೆ ಮರಳಿಸಿದಾಗ ಹೀಗೆ ನಾಲ್ಕು ಕಡೆ ಅದರ ಜಾಡನ್ನು ದಾಖಲಿಸಬೇಕೆಂಬ ಅಂತರರಾಷ್ಟ್ರೀಯ ನಿರ್ಣಯ 2018ರಿಂದ ಜಾರಿಯಲ್ಲಿದೆ. ಜಾಡು ಗೊತ್ತಿರುವುದರಿಂದಲೇ ತಪ್ಪಿದ ಬ್ಯಾಗ್‌ಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಮನೆ ಸೇರುತ್ತವೆ.

“ನಾವು ಒಂದು ವಿಮಾನದಲ್ಲಿ, ಬ್ಯಾಗ್ ಇನ್ನೊಂದರಲ್ಲಿ ಹೋದರೇನು?” ಎಂದೂ ಕೆಲವರು ಕೇಳುತ್ತಾರೆ. ಇದರ ಹಿಂದೆ ನಾವು ಮರೆಯಬಾರದ ಒಂದು ದುರಂತವಿದೆ. 1985ರ ಜೂನ್‌ನಲ್ಲಿ ವ್ಯಾಂಕೂವರಿನಲ್ಲಿ ಒಬ್ಬಾತ ತನ್ನ ಸೂಟ್‌ಕೇಸನ್ನು ಟೊರಾಂಟೊ ಮೂಲಕ ಏರ್ ಇಂಡಿಯಾ ವಿಮಾನಕ್ಕೆ ರವಾನಿಸುವಂತೆ ಒಪ್ಪಿಸಿ, ತಾನು ಮಾತ್ರ ಹತ್ತಲಿಲ್ಲ. ಅದರೊಳಗಿದ್ದ ಬಾಂಬು ಜೂನ್ 23ರಂದು ಐರ್ಲೆಂಡಿನ ತೀರದಾಚೆ ಸ್ಫೋಟಿಸಿ, ‘ಕನಿಷ್ಕ’ ಹೆಸರಿನ ಆ ವಿಮಾನದಲ್ಲಿದ್ದ 329 ಜನರೂ ಸತ್ತರು. ಪ್ರಯಾಣಿಕ ಹತ್ತದಿದ್ದರೆ ಆತನ ಬ್ಯಾಗನ್ನು ಇಳಿಸಲೇಬೇಕೆಂಬ ನಿಯಮ ಬಿಗಿಯಾದದ್ದರ ಹಿಂದೆ ಇಂಥ ಸಾವುಗಳಿವೆ. ನಿಮ್ಮ ಬ್ಯಾಗ್ ವಿಮಾನ ಸಂಸ್ಥೆಯಿಂದಾಗಿ ಹಿಂದುಳಿದರೆ, ಅದನ್ನು ಮತ್ತೆ ತಪಾಸಣೆಗೊಳಪಡಿಸಿ ‘ರಷ್’ ಎಂಬ ಬೇರೆ ಟ್ಯಾಗ್ ಹಾಕಿ ಕಳಿಸುತ್ತಾರೆ. ಆ ತಡವನ್ನು ನಾನು ಯಾವತ್ತೂ ದೂರುವುದಿಲ್ಲ.

ಇನ್ನು ಟಿಕೆಟ್ಟಿನ ವಿಷಯಕ್ಕೆ ಬರೋಣ. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಅವಧಿಯೊಂದು ನಿಗದಿಯಾಗಿರುತ್ತದೆ, ಅದಕ್ಕಿಂತ ಕಡಿಮೆ ಅವಧಿಯ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಮಾರುವುದಿಲ್ಲ. ಆದರೆ ಆ ಕನಿಷ್ಠವು ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದ ದಿನದ ಲೆಕ್ಕ. ಬೆಂಗಳೂರಿನ ವಿಮಾನವೇ ನಲವತ್ತು ನಿಮಿಷ ತಡವಾಗಿ ಇಳಿದರೆ ನೀವು ಓಡಿಯಾದರೂ ಗೇಟು ಮುಟ್ಟುತ್ತೀರಿ, ಬ್ಯಾಗ್ ಮುಟ್ಟುವುದಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಎರಡೂವರೆಯಿಂದ ಮೂರು ಗಂಟೆಗಳ ಬಿಡುವು ಇರಲಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಬಿಡುವಿಗಿಂತಲೂ ದೊಡ್ಡ ಅಪಾಯವೆಂದರೆ ಎರಡು ಬೇರೆಬೇರೆ ಟಿಕೆಟ್‌ಗಳನ್ನು ಜೋಡಿಸಿಕೊಳ್ಳುವುದು. ಸ್ವಲ್ಪ ಹಣ ಉಳಿಯುತ್ತದೆಂದು ಬೆಂಗಳೂರಿನಿಂದ ಯುರೋಪಿನವರೆಗೆ ಒಂದು ಸಂಸ್ಥೆ, ಅಲ್ಲಿಂದಾಚೆಗೆ ಇನ್ನೊಂದು ಎಂದು ಕೊಂಡರೆ, ಎರಡು ಸಂಸ್ಥೆಗಳ ನಡುವೆ ಒಪ್ಪಂದವಿಲ್ಲದಿದ್ದಾಗ ಬ್ಯಾಗ್ ಮಧ್ಯದ ಊರಿನಲ್ಲೇ ಬೆಲ್ಟಿಗೆ ಬರುತ್ತದೆ. ಅದನ್ನು ತೆಗೆದುಕೊಳ್ಳಲು ಇಮಿಗ್ರೇಶನ್ ದಾಟಿ ಹೊರಬರಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಇಲ್ಲದ ಭಾರತೀಯ ಪ್ರಯಾಣಿಕರಿಗೆ ಅದು ಸಾಧ್ಯವಿಲ್ಲ. ಭಾಷೆ ಗೊತ್ತಿಲ್ಲದ ಊರಿನಲ್ಲಿ, ಎಪ್ಪತ್ತರ ವಯಸ್ಸಿನ ದಂಪತಿಗಳು ಎರಡು ಸಂಸ್ಥೆಗಳ ನಡುವೆ ಅಲೆಯುವ ಪರಿಸ್ಥಿತಿಯನ್ನು ಯಾವ ಉಳಿತಾಯವೂ ಸಮರ್ಥಿಸುವುದಿಲ್ಲ. ಮಕ್ಕಳೇ ಆನ್‌ಲೈನಿನಲ್ಲಿ ಟಿಕೆಟ್ ಕೊಳ್ಳುವುದಾದರೆ ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ.

ಬ್ಯಾಗ್ ನೇರವಾಗಿ ಹೋಗುತ್ತದೆಂದು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಟ್ಯಾಗಿನ ಮೇಲೆ ದೊಡ್ಡದಾಗಿ ಮುದ್ರಿಸಿರುವ ಮೂರಕ್ಷರದ ಸಂಕೇತ ನಿಮ್ಮ ಕೊನೆಯ ಊರಿನದ್ದೇ ಎಂದು ಕಣ್ಣಾರೆ ನೋಡಿ. ಟ್ಯಾಗಿನ ಮೇಲೆ ಕೊನೆಯ ಊರೇ ಇದ್ದರೂ, ಅಮೆರಿಕಕ್ಕೆ ಹೋಗುವಾಗ ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ವಿದೇಶದಿಂದ ಮುಂಬಯಿ ಮೂಲಕ ಮಂಗಳೂರಿಗೋ ಹುಬ್ಬಳ್ಳಿಗೋ ಬರುವವರಿಗೂ ಸಾಮಾನ್ಯವಾಗಿ ಇದೇ ಕ್ರಮ. ಮಾತ್ರೆ, ವೈದ್ಯರ ಚೀಟಿ, ಕನ್ನಡಕ, ಒಡವೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಹೊರಡುವ ಮುನ್ನ ಬ್ಯಾಗಿನ ಮತ್ತು ಒಳಗಿನ ಸಾಮಾನಿನ ಫೋಟೋ ತೆಗೆದಿಟ್ಟುಕೊಳ್ಳಿ.

ಇಷ್ಟಾದರೂ ಬ್ಯಾಗ್ ಬರದಿದ್ದರೆ, ಬೆಲ್ಟಿನ ಹತ್ತಿರವೇ ಇರುವ, ನಿಮ್ಮನ್ನು ಕೊನೆಗೆ ಕರೆತಂದ ವಿಮಾನ ಸಂಸ್ಥೆಯ ಬ್ಯಾಗೇಜ್ ಕೌಂಟರಿಗೆ ಹೋಗಿ ಪಿಐಆರ್ ಎಂಬ ದೂರು ದಾಖಲಿಸದೆ ನಿಲ್ದಾಣದಿಂದ ಹೊರಬರಬೇಡಿ. ಬೋರ್ಡಿಂಗ್ ಪಾಸ್ ಮತ್ತು ಟ್ಯಾಗಿನ ಚೀಟಿ ತೋರಿಸಿದರೆ ಸಾಮಾನ್ಯವಾಗಿ ಐದು ಅಕ್ಷರ, ಐದು ಅಂಕಿಗಳ ಒಂದು ಸಂಖ್ಯೆ ಕೊಡುತ್ತಾರೆ. ಹುಡುಕಾಟವೆಲ್ಲ ಅದರ ಮೇಲೆಯೇ ನಡೆಯುತ್ತದೆ. ಭಾರತದಲ್ಲಿ ಇಳಿದಿದ್ದರೆ, ವಿಮಾನ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು, ಸುಂಕರಹಿತ ಮಿತಿಯಲ್ಲಿ ನೀವು ಬಳಸದೆ ಉಳಿದದ್ದೆಷ್ಟು ಎಂಬುದಕ್ಕೆ ಕಸ್ಟಮ್ಸ್ ಅಧಿಕಾರಿಯ ಸಹಿ ಮಾಡಿಸಿಕೊಳ್ಳಿ. ಬ್ಯಾಗ್ ಬರುವವರೆಗೆ ಕೊಂಡ ಬಟ್ಟೆಬರೆ, ಔಷಧಿಗಳ ರಸೀದಿಗಳನ್ನೂ ಇಟ್ಟುಕೊಳ್ಳಬೇಕು.

ಪರಿಹಾರಕ್ಕೆ ಆಧಾರ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಗಳ ಹೊಣೆಯನ್ನು ನಿಗದಿಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಅದಕ್ಕೆ ಸೇರಿತು. 21 ದಿನಗಳಾದರೂ ಬಾರದ ಬ್ಯಾಗನ್ನು ಕಳೆದುಹೋಯಿತೆಂದೇ ಪರಿಗಣಿಸಿ ಪರಿಹಾರ ಕೇಳಬಹುದು. ಹಾನಿಯಾಗಿ ಬಂದರೆ 7 ದಿನಗಳೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ ಒಬ್ಬ ಪ್ರಯಾಣಿಕರಿಗೆ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕದಲ್ಲಿ, 1519 ಎಸ್‌ಡಿಆರ್, ಅಂದರೆ ಸುಮಾರು 2000 ಅಮೆರಿಕನ್ ಡಾಲರ್. ಇದು ಗರಿಷ್ಠ ಮೊತ್ತ. ನಷ್ಟವನ್ನು ನೀವು ತೋರಿಸಿಕೊಡಬೇಕು. “ತಪ್ಪು ನಮ್ಮದಲ್ಲ, ಇನ್ನೊಂದು ಸಂಸ್ಥೆಯದ್ದು” ಎಂಬ ಉತ್ತರ ಬಂದರೆ ಹಿಂಜರಿಯಬೇಡಿ: ಹಲವು ಸಂಸ್ಥೆಗಳ ವಿಮಾನಗಳು ಸೇರಿದ ಸರಣಿ ಪ್ರಯಾಣದಲ್ಲಿ ಮೊದಲ ಸಂಸ್ಥೆ, ಕೊನೆಯ ಸಂಸ್ಥೆ, ಬ್ಯಾಗ್ ತಪ್ಪಿದ ಹಂತವನ್ನು ನಡೆಸಿದ ಸಂಸ್ಥೆ ಮೂವರೂ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆ. ದಾವೆ ಹೂಡಲು ಎರಡು ವರ್ಷಗಳ ಕಾಲಾವಕಾಶವಿದೆ, ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು.