ತೊಲೊಲಿಂಗ್ ಎದುರು ನಿಂತು

ಸೋನಮಾರ್ಗ್ ದಾಟಿ ಜೋಜಿ ಲಾ ಏರತೊಡಗಿದ ಮೇಲೆ ರಸ್ತೆಯಿಂದ ಕಣ್ಣು ಕೀಳಲು ಧೈರ್ಯ ಬರುವುದಿಲ್ಲ. ಒಂದು ಮಗ್ಗುಲಿಗೆ ಕಡಿದಾದ ಬಂಡೆ, ಇನ್ನೊಂದಕ್ಕೆ ಪ್ರಪಾತ, ಎದುರಿನಿಂದ ಸಾಲಾಗಿ ಬರುವ ಸೇನೆಯ ಲಾರಿಗಳು. 11,500 ಅಡಿ ಮೀರಿದ ಆ ಘಾಟಿಯ ಆಚೆಗೆ ಕಾಶ್ಮೀರದ ಕಾಡು ಮುಗಿದು ಲಡಾಖಿನ ಬೋಳು ಬೆಟ್ಟಗಳು ಶುರುವಾಗುತ್ತವೆ. ದ್ರಾಸ್‌ನಲ್ಲಿ ಇಳಿದು ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟರೂ ಏದುಸಿರು ಬರುತ್ತದೆ.

ಕಾರ್ಗಿಲ್ ಯುದ್ಧ ಸ್ಮಾರಕ ಹೆದ್ದಾರಿಯ ಪಕ್ಕದಲ್ಲೇ ಇದೆ. ಹುತಾತ್ಮರ ಹೆಸರುಗಳಿರುವ ನಸುಗೆಂಪು ಕಲ್ಲಿನ ಗೋಡೆಯ ಹಿಂದೆ ತೊಲೊಲಿಂಗ್ ಬೆಟ್ಟ ನೇರವಾಗಿ ಎದ್ದು ನಿಂತಿದೆ. ಕಾವಲಿನ ಯೋಧರೊಬ್ಬರು ಪ್ರವಾಸಿಗರನ್ನು ಒಟ್ಟುಗೂಡಿಸಿ, ಒಂದೊಂದು ಶಿಖರದತ್ತ ಕೈ ಚಾಚುತ್ತ, 1999ರ ಜೂನ್ 13ರಂದು ರಜಪುತಾನಾ ರೈಫಲ್ಸ್‌ನ ಸೈನಿಕರು ತೊಲೊಲಿಂಗ್ ಗೆದ್ದ ಬಗೆಯನ್ನು ವಿವರಿಸುತ್ತಿದ್ದರು. ಅವರ ಮಾತು ಕೇಳುತ್ತಲೇ ನಾನು ಅದೇ ಇಳಿಜಾರಿನಲ್ಲಿ, ಆ ಗೆಲುವಿಗೆ ಎರಡು ವಾರ ಮೊದಲು ನಡೆದದ್ದನ್ನು ಕಣ್ಣಿನಿಂದ ಅಳೆಯಲು ಯತ್ನಿಸುತ್ತಿದ್ದೆ. ಇಷ್ಟು ದೂರ ಬಂದದ್ದೇ ಅದಕ್ಕಾಗಿ.

ಮೇ 28ರಂದು ವಾಯುಪಡೆಯ 152ನೇ ಹೆಲಿಕಾಪ್ಟರ್ ಘಟಕದ ಎಂಐ-17 ಹೆಲಿಕಾಪ್ಟರ್‌ಗಳು 'ನುಬ್ರಾ' ಎಂಬ ಸಂಕೇತನಾಮದಲ್ಲಿ ತೊಲೊಲಿಂಗ್ ಮೇಲಿನ ಶತ್ರು ನೆಲೆಗಳತ್ತ ಹಾರಿದವು. ದಾಳಿ ಮುಗಿಸಿ ಹಿಂದಿರುಗುವಾಗ ಒಂದಕ್ಕೆ ಸ್ಟಿಂಗರ್ ಕ್ಷಿಪಣಿ ಬಡಿಯಿತು. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್ ಮತ್ತು ಸಾರ್ಜೆಂಟ್ ಆರ್.ಕೆ. ಸಾಹು ಹುತಾತ್ಮರಾದರು. ನಾಲ್ವರಿಗೂ ಮರಣೋತ್ತರವಾಗಿ ವಾಯುಸೇನಾ ಪದಕ ಸಂದಿತು.

ಅವರು ಕೈಗೊಂಡ ಕೆಲಸದ ಕಷ್ಟ ಈ ಜಾಗದಲ್ಲಿ ನಿಂತಾಗಲೇ ನನಗೆ ಪೂರ್ತಿ ಅರ್ಥವಾದದ್ದು. ಎಂಐ-17 ಮೂಲತಃ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸುವ ಹೆಲಿಕಾಪ್ಟರ್. ರಾಕೆಟ್‌ಗಳನ್ನು ಅದಕ್ಕೆ ಜೋಡಿಸಿ ದಾಳಿಗೆ ಇಳಿಸಲಾಗಿತ್ತು. 15,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ ಇರುವುದರಿಂದ ತಿರುಗುವ ಅಲಗುಗಳಿಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ, ಅಪಾಯ ಎದುರಾದಾಗ ಥಟ್ಟನೆ ಮೇಲೇರಲು ಅಥವಾ ಹೊರಳಿಕೊಳ್ಳಲು ಬೇಕಾದ ಬಲ ಪೈಲಟ್‌ನ ಕೈಯಲ್ಲಿ ಉಳಿದಿರುವುದೇ ಇಲ್ಲ. ಬಯಲಿನಲ್ಲಾದರೆ ನೆಲದಿಂದ ಕ್ಷಿಪಣಿ ಹಾರಿಸುವವನು ಕೆಳಗಿರುತ್ತಾನೆ. ಇಲ್ಲಿ ಶತ್ರು ಕುಳಿತದ್ದು ಬೆಟ್ಟದ ನೆತ್ತಿಯಲ್ಲಿ, ಹೆಲಿಕಾಪ್ಟರ್ ಹಾರುವ ಮಟ್ಟದಲ್ಲೇ. ಎಂಜಿನ್ನಿನ ಶಾಖವನ್ನು ಅರಸಿ ಬರುವ ಕ್ಷಿಪಣಿಯನ್ನು ದಾರಿ ತಪ್ಪಿಸಲು ಉರಿಯುವ ಫ್ಲೇರ್‌ಗಳನ್ನು ಚೆಲ್ಲಬೇಕು. ಆ ವ್ಯವಸ್ಥೆ ಈ ನಾಲ್ವರಿದ್ದ ಹೆಲಿಕಾಪ್ಟರ್‌ನಲ್ಲಿ ಇರಲಿಲ್ಲ. ಹಿಂದಿನ ದಿನವಷ್ಟೇ ಸ್ಕ್ವಾಡ್ರನ್ ಲೀಡರ್ ಅಜಯ್ ಆಹುಜಾ ಅವರ ಮಿಗ್-21 ವಿಮಾನವನ್ನು ಕ್ಷಿಪಣಿ ಉರುಳಿಸಿತ್ತು. ಅದರ ಮರುದಿನವೇ ಈ ಬೆಟ್ಟದ ಮೈಗೆ ಅಷ್ಟು ಹತ್ತಿರ ಹಾರಿದ ಅವರ ಎದೆಗಾರಿಕೆಗೆ ನಾವು ಕೊಡಬೇಕಾದಷ್ಟು ಗಮನ ಇನ್ನೂ ಕೊಟ್ಟಿಲ್ಲವೆಂದು ನಾನು ಭಾವಿಸುತ್ತೇನೆ.

ಆ ಘಟನೆಯ ಬಳಿಕ ಹೆಲಿಕಾಪ್ಟರ್‌ಗಳನ್ನು ದಾಳಿಯ ಕೆಲಸದಿಂದ ಹಿಂದಕ್ಕೆ ಪಡೆಯಲಾಯಿತು. ಮಿರಾಜ್-2000 ಸೇರಿದಂತೆ ಯುದ್ಧವಿಮಾನಗಳು ಕ್ಷಿಪಣಿಗೆ ನಿಲುಕದ ಎತ್ತರದಿಂದ ಬಾಂಬ್ ಹಾಕತೊಡಗಿದವು. ಆದರೂ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಬಿಡುವಿರಲಿಲ್ಲ. ಬೆಂಗಳೂರಿನ ಎಚ್‌ಎಎಲ್ ಫ್ರೆಂಚ್ ಪರವಾನಗಿಯಲ್ಲಿ ತಯಾರಿಸಿದ ಪುಟ್ಟ ಚೀತಾ ಹೆಲಿಕಾಪ್ಟರ್‌ಗಳು ಗಾಯಾಳುಗಳನ್ನು ಕೆಳಗೆ ಸಾಗಿಸಿದವು, ಮುಂಚೂಣಿಗೆ ಅಗತ್ಯ ಸಾಮಗ್ರಿ ಮುಟ್ಟಿಸಿದವು. ವಾಯುಪಡೆಯ ಮಹಿಳಾ ಪೈಲಟ್‌ಗಳಾದ ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಈ ಯುದ್ಧದಲ್ಲಿ ಹಾರಿಸಿದ್ದು ಚೀತಾವನ್ನೇ.

ಸ್ಮಾರಕದ ಆವರಣದಲ್ಲಿ ಗಾಳಿ ಎಷ್ಟು ಬಲವಾಗಿತ್ತೆಂದರೆ, ದೊಡ್ಡ ತ್ರಿವರ್ಣ ಧ್ವಜದ ಪಟಪಟ ಸದ್ದಿನ ನಡುವೆ ಯೋಧರ ವಿವರಣೆ ಆಗಾಗ ಮುಳುಗಿ ಹೋಗುತ್ತಿತ್ತು. ಕಮರಿಗಳಲ್ಲಿ ದಿಕ್ಕು ಬದಲಿಸುವ ಇಂಥ ಗಾಳಿಯೂ ಪೈಲಟ್‌ನ ಲೆಕ್ಕದಲ್ಲಿ ಇರಬೇಕು.

ಇಷ್ಟು ಎತ್ತರದಲ್ಲಿ ಹೋರಾಡಬಲ್ಲ ದಾಳಿ ಹೆಲಿಕಾಪ್ಟರ್ ನಮ್ಮದೇ ಆಗಿರಬೇಕೆಂಬ ಒತ್ತಾಯ ಹುಟ್ಟಿದ್ದು ಈ ಯುದ್ಧದಿಂದಲೇ. ಎಚ್‌ಎಎಲ್ ರೂಪಿಸಿದ 'ಪ್ರಚಂಡ' 2022ರ ಅಕ್ಟೋಬರ್‌ನಲ್ಲಿ ಜೋಧಪುರದಲ್ಲಿ ವಾಯುಪಡೆಗೆ ಸೇರಿತು. 2025ರ ಮಾರ್ಚ್‌ನಲ್ಲಿ ಇನ್ನೂ 156 ಹೆಲಿಕಾಪ್ಟರ್‌ಗಳಿಗೆ ಒಪ್ಪಂದವಾಗಿದ್ದು, ಅವು ಬೆಂಗಳೂರು ಮತ್ತು ತುಮಕೂರಿನ ಕಾರ್ಖಾನೆಗಳಲ್ಲಿ ತಯಾರಾಗಲಿವೆ. ದ್ರಾಸ್‌ಗೆ ಹೋಗುವ ಕನ್ನಡಿಗರು ತೊಲೊಲಿಂಗ್ ತೋರಿಸುವ ಯೋಧರ ಬಳಿ ಮೇ 28ರ ಬಗ್ಗೆಯೂ ಕೇಳಬೇಕೆಂದು ನನ್ನ ಕೋರಿಕೆ.