ಒಂದೇ ಗಿಡುಗವನ್ನು ಎರಡು ಸಲ ಎಣಿಸುವುದಿಲ್ಲವೇ?

ವಸಂತದಲ್ಲಿ ಉತ್ತರಕ್ಕೆ ಮರಳುವ ಗಿಡುಗಗಳ ಎಣಿಕೆಯ ಮಾತು ಬಂದರೆ ಸಾಕು, ಎಲ್ಲರೂ ಕೇಳುವುದು ಇದನ್ನೇ: ಆಕಾಶದಲ್ಲಿ ಗಿರಕಿ ಹೊಡೆಯುವ ಹಕ್ಕಿಯ ಮೈಮೇಲೆ ನಂಬರ್ ಬರೆದಿರುವುದಿಲ್ಲ, ಮತ್ತೆ ಮತ್ತೆ ಅದನ್ನೇ ಎಣಿಸಿಬಿಡುವುದಿಲ್ಲವೇ?

ಇಲ್ಲ. ಏಕೆಂದರೆ ಎಣಿಕೆಗೆ ಸಿಗುವುದು ಆಕಾಶದಲ್ಲಿ ಕಂಡ ಹಕ್ಕಿಯಲ್ಲ, ಗೆರೆ ದಾಟಿದ ಹಕ್ಕಿ. ನಿಂತ ಜಾಗದಿಂದ ಎರಡೂ ಬದಿಗೆ ಒಂದೊಂದು ಗುರುತು ಹಿಡಿಯಬೇಕು, ಒಂದು ಟವರ್, ಒಂದು ಒಂಟಿ ಮರ, ಏನಾದರೂ ಸರಿ. ಅವೆರಡನ್ನೂ ಸೇರಿಸುವ ಗೆರೆಯನ್ನು ಮುಂದಕ್ಕೆ ದಾಟಿದರೆ ಒಂದು ಕೂಡಿಸಿ, ಕಣ್ಣೆದುರೇ ಹಿಂದಕ್ಕೆ ಬಂದರೆ ಒಂದು ಕಳೆಯಿರಿ. ಗೆರೆಯ ಈಚೆ ಅರ್ಧ ಗಂಟೆ ಸುತ್ತುತ್ತಿದ್ದ ಹಕ್ಕಿ ಲೆಕ್ಕಕ್ಕಿಲ್ಲ. ಅಲ್ಲೇ ಬೇಟೆಯಾಡುವ, ಗೂಡಿಗೆ ಕಡ್ಡಿ ಒಯ್ಯುವ ಸ್ಥಳೀಯ ಹಕ್ಕಿಗಳೂ ಅಷ್ಟೇ.

ವಸಂತ ಎಂದ ಮಾತ್ರಕ್ಕೆ ಗೆರೆ ಪೂರ್ವ–ಪಶ್ಚಿಮವಾಗಿಯೇ ಇರಬೇಕಿಲ್ಲ. ದೊಡ್ಡ ನೀರಿನ ಮೇಲೆ ಬಿಸಿಗಾಳಿ ಸರಿಯಾಗಿ ಮೇಲೇಳುವುದಿಲ್ಲ. ರೆಕ್ಕೆ ಚಾಚಿ ತೇಲುತ್ತ ಸಾಗುವ ಹಕ್ಕಿಗಳು ಆದ್ದರಿಂದ ದಡ ಹಿಡಿದೇ ಹೋಗುತ್ತವೆ. ಉತ್ತರ ಅಮೆರಿಕದ ಒಂಟಾರಿಯೊ ಸರೋವರದ ದಕ್ಷಿಣ ದಡಕ್ಕೆ ಬಂದವು ಪೂರ್ವಕ್ಕೆ ತಿರುಗಿ, ಸರೋವರದ ತುದಿ ಸುತ್ತಿ ಉತ್ತರಕ್ಕೆ ಹೋಗುತ್ತವೆ. ಅದರ ಆಗ್ನೇಯ ಮೂಲೆಯ ಡರ್ಬಿ ಹಿಲ್ ವಸಂತದ ಎಣಿಕೆಗೆ ಹೆಸರಾಗಿರುವುದು ಇದೇ ಕಾರಣಕ್ಕೆ. ಕೆಂಪು ಸಮುದ್ರದ ನೆತ್ತಿಯಲ್ಲಿರುವ ಇಸ್ರೇಲಿನ ಐಲಾತ್‌ನಲ್ಲೂ ನೀರು ತಪ್ಪಿಸಿ ಬರುವ ಹಕ್ಕಿಗಳ ಸಂತೆಯೇ ನೆರೆಯುತ್ತದೆ. ಹರಿವು ಯಾವ ಕಡೆಗೋ, ಗೆರೆ ಅದಕ್ಕೆ ಅಡ್ಡವಾಗಿರಬೇಕು.

ನಿಜವಾದ ಕಷ್ಟ ಬಿಸಿಗಾಳಿಯ ಸುಳಿಯಲ್ಲಿದೆ. ನೂರಾರು ಹಕ್ಕಿಗಳು ಒಟ್ಟಿಗೆ ಸುತ್ತುವಾಗ ಎಣಿಸಲು ಹೋದರೆ ಸಿಗುವುದು ಊಹೆಯ ಸಂಖ್ಯೆ ಮಾತ್ರ. ತಾಳ್ಮೆ ಬೇಕು. ಮೇಲೇರಿ ಮುಗಿದ ಹಕ್ಕಿಗಳು ಸುತ್ತುವುದನ್ನು ಬಿಟ್ಟು, ರೆಕ್ಕೆ ಸ್ವಲ್ಪ ಮಡಚಿ, ಒಂದರ ಹಿಂದೆ ಒಂದು ಜಾರಿಕೊಂಡು ಹೊರಡುತ್ತವೆ. ಬೈನಾಕ್ಯುಲರನ್ನು ಆ ಸಾಲಿನ ಮುಂದಿನ ಒಂದು ಜಾಗಕ್ಕೆ ನೆಟ್ಟು ಅಲುಗಿಸದೆ ಹಿಡಿಯಿರಿ, ಹಕ್ಕಿಗಳೇ ಹಾದುಹೋಗಲಿ. ಬೆರಳು ಕೈಯೆಣಿಕೆ ಯಂತ್ರದ ಗುಂಡಿ ಒತ್ತುತ್ತಿರಲಿ. ಸಾಲು ತೀರ ದಟ್ಟವಾದರೆ ಹತ್ತು ಹಕ್ಕಿಗೆ ಒಂದು ಸಲ ಒತ್ತಿ. ಆದರೆ ಮೊದಲು ಹತ್ತನ್ನು ಬಿಡಿಬಿಡಿಯಾಗಿ ಎಣಿಸಿ, ಅಷ್ಟು ಹಕ್ಕಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಿಗೆ ಅಳತೆ ಕೊಡಿ. ಸಾಲು ತೆಳುವಾದ ಕೂಡಲೇ ಅಳತೆ ಬದಲಿಸಲು ಮರೆಯುವುದು ಹೊಸಬರ ಮಾಮೂಲಿ ತಪ್ಪು.

ಎರಡೆಣಿಕೆ ಆಗುವುದಾದರೆ ಅದು ಹಕ್ಕಿಯಿಂದಲ್ಲ, ಮನುಷ್ಯರಿಂದ. ಇಬ್ಬರು ಒಂದೇ ಸಾಲಿಗೆ ಗುಂಡಿ ಒತ್ತಿ, ಕೊನೆಗೆ ಕೂಡಿಸಿಬಿಡುತ್ತಾರೆ. ಎಣಿಸುವವರು ಒಬ್ಬರೇ ಇರಲಿ. ಉಳಿದವರು ಹುಡುಕಲಿ, ಜಾತಿ ಹೇಳಲಿ, ಬರೆದುಕೊಳ್ಳಲಿ.

ಅಷ್ಟಕ್ಕೂ ಚಿಂತಿಸಬೇಕಾದದ್ದು ಎರಡೆಣಿಕೆಗಿಂತ ತಪ್ಪಿಹೋಗುವ ಹಕ್ಕಿಗಳ ಬಗ್ಗೆ. ಮಧ್ಯಾಹ್ನದ ಬಿಸಿಲಿಗೆ ಅವು ಬರಿಗಣ್ಣಿಗೆ ಕಾಣದಷ್ಟು ಮೇಲೇರುತ್ತವೆ. ‘ಇವತ್ತು ಹಕ್ಕಿಯೇ ಇಲ್ಲ’ ಎನ್ನುವ ಹೊತ್ತಿನಲ್ಲೇ ತಲೆಯ ಮೇಲೆ ಮೆರವಣಿಗೆ ನಡೆದಿರಬಹುದು. ಬೋಳು ನೀಲಿ ಆಕಾಶ ಎಣಿಸುವವರ ಶತ್ರು. ಕಣ್ಣಿಗೆ ಹಿಡಿಯಲು ಏನೂ ಇಲ್ಲದೆ ಫೋಕಸ್ ಹತ್ತಿರಕ್ಕೆ ಜಾರುತ್ತದೆ. ಹತ್ತು ನಿಮಿಷಕ್ಕೊಮ್ಮೆ ದೂರದ ಮೋಡಕ್ಕೋ ಬೆಟ್ಟಕ್ಕೋ ಫೋಕಸ್ ಸರಿಮಾಡಿಕೊಳ್ಳಿ. ಬಿಳಿ ಮೋಡವಿದ್ದರೆ ಅದರ ಅಂಚುಗಳನ್ನೇ ಮೊದಲು ನೋಡಿ, ಚುಕ್ಕೆಗಳು ಎದ್ದು ಕಾಣುತ್ತವೆ. ದಿಗಂತದ ಮೇಲಿಂದ ಶುರುಮಾಡಿ ಅಡ್ಡಡ್ಡ ಸವರುತ್ತ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧದ ಮೇಲೆ ಬರುವಂತೆ ಏರುತ್ತ ಹೋಗಬೇಕು. ಇದಕ್ಕೆ 10×42 ಬೈನಾಕ್ಯುಲರಿಗಿಂತ 8×42 ವಾಸಿ (ಮೊದಲ ಸಂಖ್ಯೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು), ನೋಟದ ಹರಹು ಹೆಚ್ಚು.

ಬಣ್ಣ ನೋಡಿ ಜಾತಿ ಹೇಳಲು ಹೋಗಬೇಡಿ, ಆ ಎತ್ತರದಲ್ಲಿ ಎಲ್ಲವೂ ಕಪ್ಪೇ. ಆಕಾರ ಮತ್ತು ಹಾರುವ ರೀತಿ ನೋಡಿ: ಚೂಪು ರೆಕ್ಕೆಯಾದರೆ ಚಾಣ (ಫಾಲ್ಕನ್), ರೆಕ್ಕೆ ಮೇಲಕ್ಕೆತ್ತಿ ನೆಲದ ಹತ್ತಿರ ತೇಲಿದರೆ ಸೆಳೆವ (ಹ್ಯಾರಿಯರ್), ಗಿಡ್ಡ ದುಂಡು ರೆಕ್ಕೆ ಮತ್ತು ಉದ್ದ ಬಾಲದ್ದು ನಾಲ್ಕು ಬಡಿತ ಬಡಿದು ಒಂದಿಷ್ಟು ತೇಲಿದರೆ ಕಿರು ಗಿಡುಗ (ಅಕ್ಸಿಪಿಟರ್). ತಿಳಿಯದಿದ್ದರೆ ‘ಗುರುತಾಗದ್ದು’ ಎಂದು ಬರೆಯಲು ನಾಚಿಕೆ ಬೇಡ. ಎಣಿಕೆ ಬರೆಯುವ ಹಾಳೆಯಲ್ಲಿ ಒಂದೂ ಗುರುತಾಗದ ಹಕ್ಕಿ ಇಲ್ಲದಿದ್ದರೆ ಆ ಹಾಳೆಯನ್ನೇ ಅನುಮಾನಿಸಬೇಕು.

ಹಾಳೆಯನ್ನು ಗಂಟೆಗೊಮ್ಮೆ ತುಂಬಿ: ಗಾಳಿಯ ದಿಕ್ಕು, ವೇಗ, ಉಷ್ಣಾಂಶ, ಮೋಡ, ಹಕ್ಕಿಗಳ ಎತ್ತರ, ಎಷ್ಟು ಜನ ನೋಡುತ್ತಿದ್ದರು. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಾದರೆ ಮುಂದಿಡದ ಮೂಲ ಸಮಯವನ್ನೇ ಬರೆಯಬೇಕು, ಇಲ್ಲವಾದರೆ ಮಾರ್ಚ್ ಮತ್ತು ಮೇ ತಿಂಗಳ ಹಾಳೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೂ ಹಕ್ಕಿ ಬರದ ಗಂಟೆಗೆ ಸೊನ್ನೆ ಹಾಕಿ, ಖಾಲಿ ಬಿಡಬೇಡಿ. ಖಾಲಿ ಜಾಗವೆಂದರೆ ಆ ಗಂಟೆ ಯಾರೂ ನೋಡಲಿಲ್ಲ ಎಂದರ್ಥ.